ಹೂವಪ್ಪನಿಗೆ ಯಾವ ಮೈಕು

ಸೋಮವಾರ ಅವನ ಗಂಟಲ ಪೆಟ್ಟಿಗೆ ತೆಗೆಯುತ್ತಾರೆ.
ಶುಕ್ರವಾರ ಬಂದ, ದುರ್ಗಿಗುಡಿಯ ಈ ಎರಡನೇ ಮಹಡಿಗೆ,
ನಡುನಡುವೆ ನಿಂತು, ಮೆಟ್ಟಿಲ ಕಂಬಿ ಹಿಡಿದು.
ಡಾಕ್ಟರು ಚೀಟಿ ಬರೆದಿದ್ದರು: ದನಿ ಹಿಡಿದಿಡಿ, ಸಿಕ್ಕಷ್ಟು.

ಇಪ್ಪತ್ತೊಂಬತ್ತು ವರ್ಷ ತೀರ್ಥಹಳ್ಳಿ ಲೈನಿನ ಕಂಡಕ್ಟರು.

ಮೊದಲು ಕಂಡೆನ್ಸರ್ ಇಟ್ಟೆ. ನನ್ನಲ್ಲಿರುವುದರಲ್ಲಿ ದುಬಾರಿ,
ಹಸುಗೂಸಿನ ಹಾಗೆ ಹತ್ತಿಬಟ್ಟೆಯಲ್ಲಿ ಸುತ್ತಿಡುವಂಥದ್ದು.
ಅದಕ್ಕೆ ದಾಕ್ಷಿಣ್ಯವಿಲ್ಲ.
ಕೆಳಗಿನ ಜೆರಾಕ್ಸ್ ಅಂಗಡಿಯ ಏದುಸಿರು, ಅವನ ಜೇಬಿನ ಚಿಲ್ಲರೆ,
ಒಣ ನಾಲಿಗೆ ಅಂಗುಳ ಬಿಡುವ ಚಟ್,
ಮಾತಿನ ಅಡಿಗೆ ಮರಳಿನಂತೆ ಸರಿಯುವ ಏನೋ ಒಂದು,
ಎಲ್ಲ ಕೇಳಿಸಿಕೊಂಡಿತು.
ಹೆಡ್‌ಫೋನಿನಲ್ಲಿ ನಾನು ಆ ಗಡ್ಡೆಯನ್ನೇ ಕೇಳುತ್ತಿದ್ದೆ.
ಫೇಡರ್ ಇಳಿಸಿದೆ. ವೈರು ಲೂಸು ಅಂದೆ.

ಆಮೇಲೆ ಡೈನಾಮಿಕ್. ಚುನಾವಣೆ, ಮದುವೆ, ಶಾಲೆ ವಾರ್ಷಿಕೋತ್ಸವ
ಎಲ್ಲ ಕಂಡದ್ದು; ಎರಡು ಸಲ ಬಿದ್ದು ಜಾಲರಿ ನೆಗ್ಗಿದೆ.
ತುಟಿಗೆ ನಾಲ್ಕು ಬೆರಳು ದೂರಕ್ಕೆ ತಂದರೆ
ಯಾರ ದನಿಗೂ ಎದೆ ಬರುತ್ತದೆ, ಕಾಯಿಲೆಯವನಿಗೂ.
ಸುಳ್ಳೇನಲ್ಲ, ಹತ್ತಿರವಾದಷ್ಟೂ ಮಂದ್ರ ಹೆಚ್ಚುವುದು ಅದರ ಗುಣ.
ಕೇಳಿ ಹೂವಪ್ಪ ನಕ್ಕ:
"ಇದ್ಯಾರು ಮೇಡಮ್ಮಾ, ರೇಡಿಯೋದವ್ರಾ?
ಈ ಸ್ವರಕ್ಕೆ ನಮ್ಮನೇಲಿ ಬಾಗ್ಲು ತೆಗೆಯಲ್ಲ."

ಡಾಕ್ಟರ ಪಟ್ಟಿ ಕೈಗಿಟ್ಟೆ.
ನೀರು ಬೇಕು. ನೋವಾಗುತ್ತಿದೆ. ದೀಪ ಆರಿಸು.
ಓದಿದ, ಕೋರ್ಟಿನ ಸಮನ್ಸು ಓದಿದ ಹಾಗೆ.
ಗೋಡೆಗೆ ಹೊಡೆದ ಗೋಣಿತಾಟು ಒಂದೊಂದನ್ನೂ ನುಂಗಿತು.
"ಇಂಜಿನ್ ಇಲ್ದೆ ನಂಗೆ ಮಾತು ಬರಲ್ಲ."

ಸದ್ದನ್ನು ದೂರ ಇಡುವುದೇ ವಿದ್ಯೆ ಎಂದುಕೊಂಡು
ಹದಿನಾಲ್ಕು ವರ್ಷ ನಾನು ಈ ಕೋಣೆಗೆ ಬಾಡಿಗೆ ಕಟ್ಟಿದ್ದೇನೆ.

ಶನಿವಾರ, ಆರೂಕಾಲರ ಬಸ್ಸು.
ಒಂದು ಟ್ರಿಪ್ಪಿನ ಮಟ್ಟಿಗೆ ಮಾಲೀಕರು ಬ್ಯಾಗು ವಾಪಸ್ಸು ಕೊಟ್ಟಿದ್ದರು.
ಕಾಲರಿನ ಒಳಮಗ್ಗುಲಿಗೆ ಕಾಳುಮೆಣಸಿನಷ್ಟು ಮೈಕು,
ಎಲ್ಲ ದಿಕ್ಕಿಗೂ ಕಿವಿ ಇರುವಂಥದ್ದು. ಗಾಳಿಗೆಂದು ಚೂರು ತುಪ್ಪಳ,
ಅಂಟಿಸಲು ಆಸ್ಪತ್ರೆಯದೇ ಪ್ಲಾಸ್ಟರು.
ನಾನು ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ರೆಕಾರ್ಡರು. ಟಿಕೆಟು ತಗೊಂಡೇ.

ಗಾಜನೂರು ಗಾಜನೂರು ಸಕ್ರೆಬೈಲು ಮಂಡಗದ್ದೆ
ತೂದೂರು ಯಾರ್ರೀ ತೂದೂರು
ಒಳಗೋಗ್ರೀ ಒಳಗೆ ಮೈದಾನ ಐತೆ
ಅಜ್ಜೀ, ಕೋಳಿ ಕಾಲಡಿಗೆ ಇಟ್ಕೋ, ಅದಕ್ಕೂ ಹಾಫ್ ಟಿಕೆಟ್ ಹರೀಲಾ

ಗೇರು ಬದಲಾದಾಗ ಸ್ವರ ಒಂದು ಮೆಟ್ಟಿಲು ಏರುತ್ತಿತ್ತು,
ತಿರುವಿನಲ್ಲಿ ಇಳಿಯುತ್ತಿತ್ತು.
ಮರಳೂ ಇತ್ತು. ಡೀಸೆಲ್ಲಿನ ಕೆಳಗೆ, ತನ್ನ ಪಾಡಿಗೆ ಇತ್ತು.

ಮಂಡಗದ್ದೆ ದಾಟಿದ ಮೇಲೆ ಅವನು ಸೀಟಿ ಬಾಯಿಗಿಟ್ಟ.
ಮಂಗಳವಾರದಿಂದ ಉಸಿರಾಟ ಕೊರಳ ತೂತಿನಲ್ಲಿ;
ಸೀಟಿಗೆ ಬೇಕಾದ ಗಾಳಿ ಬಾಯಿವರೆಗೆ ಬರುವುದಿಲ್ಲ.
ಇದನ್ನು ಯಾರಾದರೂ ಅವನಿಗೆ ಹೇಳಿದ್ದರೋ ಇಲ್ಲವೋ,
ನಾನು ಕೇಳಲಿಲ್ಲ.
ಕೆಂಪು ದೀಪ ಹತ್ತಿತು. ಗೇನಿನ ಮೇಲೇ ಇತ್ತು ಬೆರಳು.
ತಿರುಗಿಸಲಿಲ್ಲ.
ಒಡೆಯಲಿ.

ಬಸ್ಸು ನಿಂತಿತು. ಒಬ್ಬಳು ಹುಡುಗಿ ಇಳಿದು
ಚಪ್ಪಲಿ ಸರಿಮಾಡಿಕೊಳ್ಳುವವರೆಗೂ ಕಾದು
ರೈಟ್ ಅಂದ.