ಗಾಲಿಗೆ ಕಲ್ಲು

ಗೇಟು ಬಿತ್ತು. ಹುಬ್ಬಳ್ಳಿ ಕಡೆಯ ಗೂಡ್ಸು.
ಬ್ರೇಕಿನ ಮೇಲೆ ಕಾಲಿಟ್ಟೆ, ಇಂಜಿನ್ನು ತಾನೇ ಸುಮ್ಮನಾಯಿತು.
ಮೊದಲ ದಿನ ಇದೇ ಗೇಟಿನಲ್ಲಿ ಬೆವೆತಿದ್ದೆ,
ಸತ್ತೇಹೋಯಿತೆಂದು ಕೀಲಿಗೆ ಕೈ ಹಾಕಿದರೆ
ಕೀಲಿಯೇ ಇಲ್ಲ, ಗುಂಡಿ.
ಹಿಂದಿನ ಸೀಟಿನಲ್ಲಿ ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡೇ
"ಉಳಿತಾಯ ಮಾಡ್ತಿದೆ, ಪಾಲಾಕ್ಷಪ್ಪ" ಎಂದರು.
ಕೋಟಿ ಹತ್ತಿರದ ಗಾಡಿ,
ಗೇಟಿಗೊಂದು ಚಮಚ ಪೆಟ್ರೋಲು ಉಳಿಸುತ್ತದೆ.

ಇಪ್ಪತ್ತಾರು ವರ್ಷ ಲಾರಿ ಹೊಡೆದವನು ನಾನು.
ಅರಳೆ ಬೇಲು, ಮೆಕ್ಕೆಜೋಳ, ಒಮ್ಮೆ ಒಂದಿಡೀ ಬ್ಯಾಂಡ್‌ಸೆಟ್ಟು.
ಇಂಜಿನ್ನು ಮಾತಾಡಬೇಕು.
ಮಾತಾಡದ್ದನ್ನು ನಂಬುವುದು ಹೇಗೆ?

ಶೋರೂಮಿನ ಹುಡುಗ ಬಾನೆಟ್ ಎತ್ತಿ ತೋರಿಸಿದ್ದ.
ತೋರಿಸಲು ಏನಿತ್ತು, ಮೇಲೊಂದು ಕಪ್ಪು ಮುಚ್ಚಳ,
ಸೀಮಂತದ ಬುಟ್ಟಿಗೆ ಹೊದಿಸಿದ ಬಟ್ಟೆಯ ಹಾಗೆ.
ಟರ್ಬೋ ಅಂದ. ಹೊರಗೆ ಹೋಗುವ ಹೊಗೆಯೇ ಚಕ್ರ ತಿರುಗಿಸಿ
ಹೊಸ ಗಾಳಿಯನ್ನು ಒಳಗೆ ತುರುಕುತ್ತದೆ ಅಂದ.
ಗೊತ್ತು ಮಾರಾಯ, ನನ್ನ ಕೊನೆಯ ಲಾರಿಯೂ ಶಿಳ್ಳೆ ಹಾಕುತ್ತಿತ್ತು.
"ಆದ್ರೆ ಸರ್, ಹೊಗೆ ಬರೋ ತನಕ ಗಾಳಿ ಇಲ್ಲ,
ಗಾಳಿ ಬರೋ ತನಕ ಹೊಗೆ ಇಲ್ಲ.
ಕಾಲೊತ್ತಿದ ಮೇಲೆ ಅರೆ ಉಸಿರಿನಷ್ಟು ತಡ.
ಆ ತಡದಲ್ಲಿ ಈ ಸಣ್ಣ ಮೋಟರು ಕೈ ಹಚ್ಚುತ್ತೆ."
ಬೆಲ್ಟಿಗೆ ಕಚ್ಚಿಕೊಂಡ, ತೆಂಗಿನಕಾಯಿ ಗಾತ್ರದ್ದು.
ಬ್ರೇಕ್ ಹಾಕಿದಾಗ ಪೋಲಾಗುವುದನ್ನು ಹೆಕ್ಕಿ ಇಟ್ಟುಕೊಂಡು
ಹೊರಡುವಾಗ ವಾಪಸು ಕೊಡುತ್ತದಂತೆ.
"ಅದೊಂದೇ ಗಾಡಿ ಎಳೀತತೇನು?"
"ಇಲ್ಲ ಸರ್. ಅದು ಬರೀ ಸಹಾಯಕ್ಕೆ."

ಆಗ ನೆನಪಾದವನು ಚಮನ್.

ಹನ್ನೊಂದು ವರ್ಷ ನನ್ನ ಕ್ಲೀನರು.
ಖಂಡಾಲಾ ಘಾಟಿನಲ್ಲಿ ಲಾರಿ ಉಸಿರುಗಟ್ಟಿದರೆ
ನಿಲ್ಲುವ ಮೊದಲೇ ಜಿಗಿದು ಗಾಲಿಗೆ ಕಲ್ಲು ಕೊಡುತ್ತಿದ್ದವನು.
ಹರಿದ ಬೇಲುಗಳಿಂದ ಉದುರಿದ ಅರಳೆಯನ್ನು
ಟ್ರಿಪ್ಪು ಟ್ರಿಪ್ಪಿಗೆ ಹೆಕ್ಕಿ ಒಂದು ದಿಂಬು ಮಾಡಿದ.
ನನಗೆ ಕೊಟ್ಟ. ತಾನು ಸ್ಟೆಪ್ನಿಗೆ ತಲೆಯಿಟ್ಟು ಮಲಗಿದ.
ಸ್ಟೀರಿಂಗು ಕೇಳಿದ್ದು ಎರಡೇ ಸಲ.
ಮುಂದಿನ ಟ್ರಿಪ್ಪಿಗೆ ನೋಡೋಣ, ಅಂದಿದ್ದೆ.

ಗೇಟು ಎದ್ದಿತು. ಕಾಲು ತೆಗೆದೆ, ನಡುಕವೇ ಇಲ್ಲದೆ ಹೊರಟಿತು.
ಡಾಕ್ಟರಮ್ಮನಿಗೆ ಎರಡು ತಾಸಿನ ಆಪರೇಷನ್ನು.
ಅವರನ್ನಿಳಿಸಿ ಗಾಡಿಯನ್ನು ಮಂಡಕ್ಕಿ ಭಟ್ಟಿಗಳ ಓಣಿಗೆ ತಂದೆ.
ಬಿಳಿ ಬಣ್ಣದ ಮೇಲೆ ಮಸಿ ಇಳಿಯತೊಡಗಿತು.
ಒರೆಸಿದರಾಯಿತು.

ಚಮನ್ ಒಲೆಯ ಬಾಯಿಗೆ ಹೊಟ್ಟು ತೂರುತ್ತ ಕೂತಿದ್ದ.
ಬ್ಲೋವರಿನ ಸದ್ದಿಗೆ ನನ್ನ ಹಾರನ್ನು ಕೇಳಿಸಲಿಲ್ಲ.
ಹುಬ್ಬು ಸುಟ್ಟುಹೋಗಿವೆ. ಕೆಮ್ಮು ಹಳೆಯದು.
ಎಲ್ಲ ಹೇಳಿದೆ, ಟರ್ಬೋ, ಬೆಲ್ಟು, ನಲವತ್ತೆಂಟು ವೋಲ್ಟು.
ಕಪ್ಪು ಮುಚ್ಚಳಕ್ಕೆ ಕಿವಿಯಿಟ್ಟು ಕೇಳಿ ನಕ್ಕ.
"ತನ್ನ ಹೊಗೀಲೇ ತಾನು ಊದ್ಕೊಂತತಿ!
ನಮ್ ಭಟ್ಟಿಗೆ ಇಂಥದ್ದು ಇದ್ದಿದ್ರೆ
ಕರೆಂಟ್ ಬಿಲ್ಲರ ಉಳೀತಿತ್ತಲ್ಲಣ್ಣ."
ಸಣ್ಣ ಮೋಟರನ್ನು ಬಗ್ಗಿ ನೋಡಿದ, ಬಹಳ ಹೊತ್ತು.
"ಇದರ ಹೆಸ್ರು ಗಾಡಿ ಹಿಂದ ಬರ್ದಾರೇನು?"
ಬರೆದಿದ್ದಾರೋ ಏನೋ.
ಹಿಂದಿರುವುದೆಲ್ಲ ಇಂಗ್ಲಿಷು, ನನಗೆ ಓದಲು ಬಾರದು.

ಡ್ರೈವರ್ ಬಾಗಿಲು ತೆರೆದು ಹಿಡಿದೆ.
"ಕೂತ್ಕ. ಹೊಡಿ."
ತನ್ನ ಲುಂಗಿ ನೋಡಿಕೊಂಡ, ಹಾಲಿನಂಥ ತೊಗಲಿನ ಸೀಟು ನೋಡಿದ.
"ಮುಂದಿನ ಟ್ರಿಪ್ಪಿಗೆ ನೋಡೋಣಣ್ಣ."
ಹಂಗಿಸಿದನೋ ಇಲ್ಲವೋ,
ಮಸಿಯಲ್ಲಿ ಮುಖ ಕಾಣಲಿಲ್ಲ.

ಓಣಿ ಇಕ್ಕಟ್ಟು, ಹಿಂದಕ್ಕೇ ಬರಬೇಕು.
ರಿವರ್ಸ್ ಹಾಕಿದೆ. ಪರದೆಯ ಮೇಲೆ ಹಿಂದಿನ ನೆಲ ಮೂಡಿತು,
ಹಸಿರು ಗೆರೆ, ಹಳದಿ ಗೆರೆ, ಕೆಂಪು ಗೆರೆ,
ಕೆಂಪಿನ ಅಂಚಿನಲ್ಲಿ ಒಂದು ಕೈ,
ಗಾಲಿಗೆ ಕೊಟ್ಟ ಕಲ್ಲನ್ನು ಎತ್ತಿಕೊಳ್ಳುತ್ತಿತ್ತು.
ಯಾವಾಗ ಕೊಟ್ಟಿದ್ದನೋ.
ಏರೂ ಇಲ್ಲ, ಇಳಿಜಾರೂ ಇಲ್ಲ, ಸಮನೆಯ ಓಣಿ.

ಗಾಡಿ ಒಂದೇ ಸಮ ಎಚ್ಚರಿಸುತ್ತಿತ್ತು, ಪೀಂ ಪೀಂ ಪೀಂ.
ಆಮೇಲೆ ಹಿಂದಿನ ತಗಡಿಗೆ ಎರಡು ತಟ್ಟು,
"ಬರ್ಲಿ," ಅಂದ, "ಬರ್ಲಿ, ಬರ್ಲಿ."