ಮಡ್ಡಿಯ ಮೇಲೆ ಹಳದಿ ಚುಕ್ಕಿ

ಇನ್ನೂರು ಹೆಜ್ಜೆಗೊಂದು ಹಳದಿ ಚುಕ್ಕಿ,
ಹಾದಿ ಹೊರಳುವಲ್ಲಿ ಒಂದು ಬಾಣ.
ಕಚೇರಿಯವರು ಹೇಳಿದ್ದು ಇಷ್ಟೇ.
ಬೀದರಿನ ಕೋಟೆಯನ್ನು ಬೆನ್ನಿಗೆ ಬಿಟ್ಟು
ಚಿಟಗುಪ್ಪದ ತನಕ ನಾಲ್ಕು ದಿನದ ಕಾಲುದಾರಿ,
ನಡೆಯಲೆಂದೇ ದೂರದಿಂದ ಬರುವವರಿಗಾಗಿ.

ನಾನು ಬೋರ್ಡು ಬರೆಯುವವಳು.
ಕಿರಾಣಿ, ಹಿಟ್ಟಿನ ಗಿರಣಿ, ಹಲ್ಲಿನ ಡಾಕ್ಟರು
ಎಲ್ಲರಿಗೂ ಅಪ್ಪನಿಂದ ಕಲಿತ ಅದೇ ದುಂಡು ಅಕ್ಷರ.
ಫ್ಲೆಕ್ಸು ಬಂದ ಮೇಲೆ ಕುಂಚಗಳು
ಸೀಮೆಎಣ್ಣೆ ಡಬ್ಬಿಯಲ್ಲಿ ತಲೆಕೆಳಗಾಗಿ ಕೂತವು.
ಈಗ ಮತ್ತೆ ಕೈಗೆ ಕೆಲಸ,
ಅಕ್ಷರವಿಲ್ಲದ ಕೆಲಸ.

ನಕಾಶೆಯಲ್ಲಿ ಈ ನೆಲದ ಹೆಸರು 'ಬೀಳು'.
ಕಾಲಿಟ್ಟರೆ ಕೆಂಗಲ್ಲು, ಜೇನುಹುಟ್ಟಿನಂತೆ ತೂತು ತೂತು,
ತೂತಿಗೊಂದು ಇರುವೆ.
ಮೊಣಕಾಲೆತ್ತರದ ಹುಲ್ಲು ಸೀರೆಯಂಚಿಗೆ ಸೂಜಿ ಚುಚ್ಚಿ
ತನ್ನ ಬೀಜವನ್ನು ಮುಂದಿನ ಊರಿಗೆ ಕಳಿಸುತ್ತದೆ,
ಟಿಕೀಟಿಲ್ಲದೆ.
ಕವಳಿ ಕಂಟಿಯಲ್ಲಿ ಇನ್ನೂ ಹಸಿರುಗಾಯಿ.
ಒಂದು ಚಿಗರಿ ತಲೆ ಎತ್ತಿ ನೋಡಿತು,
ಬಾಣದ ವಿರುದ್ಧ ದಿಕ್ಕಿಗೆ ಹಾರಿತು.

ಹಾದಿ ಬಲ್ಲವನು ಘಾಳೆಪ್ಪ,
ಮೂವತ್ತೊಂದು ವರ್ಷ ಟೆಲಿಫೋನಿನ ಲೈನ್‌ಮನ್.
ತಂತಿ ಹೋಯಿತು, ಕಂಬಗಳನ್ನು ಕಿತ್ತು
ಗುಜರಿಗೆ ತೂಕ ಮಾಡಿ ಕೊಟ್ಟರು.
ಅವನ ತಲೆಯಲ್ಲಿ ಮಾತ್ರ ಎಲ್ಲವೂ ನೆಟ್ಟಗೆ ನಿಂತಿವೆ.
"ನೂರಾ ಹದಿನೇಳರ ಹಂತ್ಯಾಕ ಉಣ್ಣೋಣು, ಪೇಂಟರ್,
ಅಲ್ಲಿ ನೆಳ್ಳದ."
ಹೋಗಿ ನೋಡಿದರೆ ನೆರಳಿತ್ತು,
ನೂರಾ ಹದಿನೇಳು ಇರಲಿಲ್ಲ.
ಅಂಗೈಯಗಲದ ಒಂದು ಗುಂಡಿ,
ಅದರೊಳಗೆ ಹುಲ್ಲು, ಹುಲ್ಲಿನೊಳಗೆ
ನೆಲಗುಬ್ಬಿಯ ಎರಡು ತತ್ತಿ.
ಆ ಕಲ್ಲಿಗೆ ನಾನು ಚುಕ್ಕಿ ಇಡಲಿಲ್ಲ.

ರೊಟ್ಟಿ ಮುರಿಯುತ್ತ ಅವನೆಂದ:
"ಒಂದ್ ಸಲ ಗಾಳಿಗೆ ತಂತಿ ಹರೀತು.
ಎರಡೂ ತುದಿ ಹಿಡಕೊಂಡು ಕಂಬದ ಮ್ಯಾಲ ಕುಂತಿದ್ದೆ,
ನಡುವ ನಾನೇ ತಂತಿ.
ಅದೇ ಹೊತ್ತಿನಾಗ ಯಾರಿಗೋ ಯಾರೋ ಫೋನ್ ಹಚ್ಚಿದ್ರು.
ಗಂಟಿ ನನ್ನ ಮೊಣಕೈಯಾಗ ಬಾರಿಸ್ತು ನೋಡು!
ಯಾರಂತ ಕೇಳೋದ್ಹ್ಯಾಂಗ?
ಕೈ ಬಿಟ್ಟೆ."
ಹಿಂಡಿ ನೆಕ್ಕಿದ, ನೀರು ಕುಡಿದ.
"ಇವತ್ತಿಗೂ ಅನಸ್ತದ,
ಎತ್ತಬೇಕಿತ್ತು."

ಮೂರನೇ ದಿನ, ಮರೆತುಬಂದ ಕುಂಚಕ್ಕಾಗಿ
ಬಂದ ಹಾದಿಯಲ್ಲೇ ತಿರುಗಿ ನಡೆದೆವು,
ನಮ್ಮದೇ ಗುರುತು ನಂಬಿ.
ಆರು ಚುಕ್ಕಿಗಳ ತನಕ ಸರಿ.
ಏಳನೆಯದು ಇಲ್ಲ, ಎಂಟನೆಯದೂ ಇಲ್ಲ.
ದಿಬ್ಬ ಹತ್ತಿದರೆ ಕೆಳಗೊಂದು ಕುರಿದಡ್ಡಿ,
ನಿನ್ನೆ ಸಂಜೆ ಕಟ್ಟಿದ್ದು.
ನನ್ನ ಕಲ್ಲುಗಳೆಲ್ಲ ಅದರ ಗೋಡೆಯಲ್ಲಿವೆ:
ಒಂದು ಬಾಣ ಆಕಾಶಕ್ಕೆ, ಒಂದು ನೆಲಕ್ಕೆ,
ಒಂದು ಒಳಗೆ, ಇನ್ನೂ ಕಣ್ಣು ಬಿಡದ ಮರಿಯ ಕಡೆಗೆ.

ಘಾಳೆಪ್ಪ ನಕ್ಕು ನಕ್ಕು ಕೆಮ್ಮಿದ.
ಬೀರಮ್ಮ ಎದ್ದು ಬಂದಳು, ಸೊಂಟದ ಮೇಲೆ ಕೈ.
"ಒಳ್ಳೆ ಕಲ್ಲು ಅಂತ ಆರಿಸಿ ಬಣ್ಣ ಹಚ್ಚೀರಿ,
ನಮಗೂ ಅವೇ ಒಳ್ಳೆವು ಕಂಡ್ವು."
ಆಮೇಲೆ ಡಬ್ಬಿಯೊಳಗೆ ಇಣುಕಿದಳು:
"ಎಷ್ಟರ ಉಳದದೇನು?
ನಮ್ಮವು, ನಮ್ಮ ಮೈದುನಂದು, ಕಲತು ಹೋಗ್ತಾವು.
ಒಂದೊಂದು ಬೊಟ್ಟು ಇಡು, ತಂಗಿ."

ಲೆಕ್ಕದ ಬಣ್ಣ. ಲೀಟರಿಗೆ ಇಷ್ಟು ಚುಕ್ಕಿ
ಎಂದು ಕಾಗದದಲ್ಲಿ ಸಹಿ ಮಾಡಿದ್ದೇನೆ.
ಘಾಳೆಪ್ಪ ಚಿಗರಿಯನ್ನು ಹುಡುಕುವವನಂತೆ
ಬೇರೆ ಕಡೆ ನೋಡಿದ.
ಅರವತ್ತೆರಡು ಕುರಿ. ಎಡಗಡೆಯ ಬೆನ್ನಿಗೆ.
ಉಣ್ಣೆಯ ಮೇಲೆ ಕುಂಚ ಓಡುವುದಿಲ್ಲ,
ಒತ್ತಬೇಕು; ಒತ್ತಿದಾಗ
ಒಳಗೆ ಬಿಸಿ, ಉಸಿರು, ಒಂದು ಸಣ್ಣ ನಡುಕ.
ಯಾವ ಅಂಗಡಿಯ ಹಲಗೆಯೂ
ನನ್ನ ಕೈಗೆ ಹೀಗೆ ಮಾರುತ್ತರ ಕೊಟ್ಟಿರಲಿಲ್ಲ.

ಬಿಸಿಲಿಳಿದಾಗ ದಡ್ಡಿಯ ಬಾಯಿ ತೆರೆದಳು.
ಹಾದಿ ಎದ್ದು ನಿಂತಿತು, ಮೈ ಕೊಡವಿತು,
ಮಡ್ಡಿಯ ತುಂಬ ಹರಡಿ ಮೇಯತೊಡಗಿತು.

ಹೊರಗಿನಿಂದ ಬರುವವರೇ, ಚುಕ್ಕಿ ಹಿಡಿದು ನಡೆಯಿರಿ.
ಚಿಟಗುಪ್ಪ ಸಿಕ್ಕೀತೆಂದು ನಾನು ಹೇಳಲಾರೆ.
ಹೊತ್ತು ಮುಳುಗುವುದರೊಳಗೆ ನೀರಂತೂ ಸಿಗುತ್ತದೆ.