ಹದಿನೇಳನೆಯ ಸಾಲು

ಸಡ್ಬರಿಯಲ್ಲಿ ಮಂಗಳವಾರ, ಬೆಳಿಗ್ಗೆ ಒಂಬತ್ತು.
ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹನ್ನೊಂದು ಮಂದಿ.
ಬೂಟುಗಳ ಹಿಮ ಕರಗಿ ಮೇಜಿನಡಿ ಸಣ್ಣ ಕೆರೆ.
ಕಾಫಿ ಕಹಿ. ಹೀಟರಿಗೆ ಕೆಮ್ಮು.
ಪಟ್ಟಿ ಓದುವ ಕೆಲಸ ನನ್ನದು.

ಪಟ್ಟಿಯೆಂದರೆ ಹೆಸರುಗಳು, ಅಷ್ಟೇ:
ನಿನ್ನೆ ರಾತ್ರಿ ಈ ಊರಿನಲ್ಲಿ
ಬಾಗಿಲಿಲ್ಲದೆ ಮಲಗಿದವರು.
ಹಿಂದೆ ಒಬ್ಬೊಬ್ಬರ ಡ್ರಾಯರಿನಲ್ಲಿ ಒಂದೊಂದಿತ್ತು.
ಆಸ್ಪತ್ರೆಯದು ಆಸ್ಪತ್ರೆಗೆ, ಪೊಲೀಸರದು ಪೊಲೀಸರಿಗೆ,
ಸೂಪು ಬಡಿಸುವವರದು ಒಲೆಯ ಪಕ್ಕ, ಜಿಡ್ಡು ಹತ್ತಿ.
ಎಲ್ಲರೂ ಒಳ್ಳೆಯವರೇ.
ಒಳ್ಳೆಯತನ ಹನ್ನೊಂದು ಕಾಲುವೆಯಾಗಿ ಹರಿದು
ಒಬ್ಬನ ಗಂಟಲೂ ನೆನೆದಿರಲಿಲ್ಲ.

ಹದಿನೈದು: ಜಿನೆಟ್, ಎರಡು ಮಕ್ಕಳು, ಕಾರಿನಲ್ಲಿ ವಾಸ.
“ಶುಕ್ರವಾರದೊಳಗೆ” ಎಂದ ವಸತಿ ಕಚೇರಿಯ ಒಬಿನ್ನಾ,
ಗುರುವಾರ ಎಂದು ತಿದ್ದಿಸಿದೆವು.
ಹದಿನಾರು: ಇನ್ನೂ ಮನೆಯಲ್ಲೇ ಇದ್ದಾಳೆ,
ಎರಡು ತಿಂಗಳ ಬಾಡಿಗೆ ಬಾಕಿ.
ಬಿದ್ದಮೇಲೆ ಎತ್ತುವುದಕ್ಕಿಂತ
ಜಾರುವಾಗ ತೋಳು ಹಿಡಿಯುವುದು ಅಗ್ಗ.
ಚೆಕ್ಕಿಗೆ ಸಹಿಯಾಯಿತು.

ಹದಿನೇಳು: ಟೆಡ್. ಮುಂದೆ ಎಲ್ಲ ಖಾಲಿ.

“ಎಡಗೈಯ ಉಂಗುರಬೆರಳು ಮೊಂಡಾದವನೇ?”
ನರ್ಸ್ ಐಲಾ ನಿಸ್ಕನೆನ್ ತಲೆಯೆತ್ತಿದಳು.
“ನನ್ನ ಬಳಿ ಅವನು ಟೆಲ್. ಅವನ ಹಿಮ್ಮಡಿ ಬಲ್ಲೆ,
ಮುಖ ಅಷ್ಟು ನೆನಪಿಲ್ಲ.”
ಲೈಬ್ರರಿಯ ಒಡೀಲ್ ನಿಧಾನಕ್ಕೆ ಹೇಳಿದಳು:
“ನಮ್ಮಲ್ಲಿ ಹೆಸರೇ ಇಲ್ಲ, ನಕ್ಷೆಯವನು ಅಂತೀವಿ.
ಹಳೆಯ ಗಣಿಯ ನಕ್ಷೆ ಬಿಡಿಸಿ
ಆ ಮೊಂಡುಬೆರಳಿನಲ್ಲೇ ಸುರಂಗದ ಗುಂಟ ನಡೆಯುತ್ತಾನೆ
ಮುಚ್ಚುವ ಗಂಟೆಯಾಗುವ ತನಕ.”

ಮೂರು ಕಡೆ ಮೂವರಾಗಿ ಎಣಿಕೆಯಾಗಿದ್ದ ಮನುಷ್ಯ
ಮೇಜಿನ ಮೇಲೆ ಮೆಲ್ಲಗೆ ಒಬ್ಬನಾದ.
ನಾನು ಎರಡು ಸಾಲು ಅಳಿಸಿದೆ.
ಸಂಖ್ಯೆ ಇಳಿಯುವುದು ಹೀಗೂ ಉಂಟು ಎಂದೆ.
ಯಾರೂ ನಗಲಿಲ್ಲ.

ಅಡುಗೆಯ ಮೋರ್ವೆನಾ ಅಲ್ಲಿಯವರೆಗೆ ಸುಮ್ಮನಿದ್ದವಳು,
“ಅವನ ಡಬ್ಬಿಯ ತಳದಲ್ಲಿ
ಮೊಳೆಯಿಂದ ಕೊರೆದ ಹೆಸರಿದೆ.
ದಿನಾ ತೊಳೆಯುತ್ತೇನಲ್ಲ:
ಟೆಲೆಸ್ಫೋರ್ ಬೊಲ್ಯೂ.
ಯಾರೂ ಕೇಳಲಿಲ್ಲ.”

ಆಮೇಲಿನದೆಲ್ಲ ಕಾಗದದ ಕೆಲಸ, ಬೇಸರದ್ದು.
ಗಣಿ ಸಂಘದ ಕಪಾಟಿನಿಂದ ಹಳೆಯ ಹಾಜರಿ ಪುಸ್ತಕ,
ಅದರಿಂದ ಹುಟ್ಟಿದ ದಿನ, ದಿನದಿಂದ ಗುರುತಿನ ಚೀಟಿ,
ಚೀಟಿಯಿಂದ ನಿಂತುಹೋದ ಪಿಂಚಣಿ.
ಮನೆ ಮಾಲೀಕ ಪೆಟ್ರಾಕಿಸ್ ಮಾತ್ರ
ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ,
ನೋಡೋಣ, ಆಗಬಹುದು, ಆದರೆ ಕಿಟಕಿ ಒಡೆದರೆ?
ಒಡೆದರೆ ಚರ್ಚು ಎಂದರು ಪಾದ್ರಿ.
ಕಾಯಿಲೆಯಾದರೆ ನಾನು ಎಂದಳು ಐಲಾ.
ರಾತ್ರಿ ಗಲಾಟೆಯಾದರೆ? ನನ್ನ ನಂಬರು ಬರೆದುಕೊಟ್ಟೆ.
ಅದಕ್ಕೆ ಅವನು ಇನ್ನೂ ಕರೆ ಮಾಡುತ್ತಾನೆ,
ಹೆಚ್ಚಾಗಿ ನಲ್ಲಿ ಸೋರಿದಾಗ.

ಬೀಗದ ಕೈ ಕೊಟ್ಟ ದಿನ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಟೆಲೆಸ್ಫೋರ್ ಅದನ್ನು ಅಂಗೈಯಲ್ಲಿ ತೂಗಿ
ಒಂದೇ ಪ್ರಶ್ನೆ ಕೇಳಿದ:
“ಒಳಗಿನಿಂದಲೂ ಹಾಕಿಕೊಳ್ಳಬಹುದೇ?”

ಆರು ವಾರ ಅವನು ಮಂಚ ಮುಟ್ಟಲಿಲ್ಲ.
ಬಾಗಿಲಿಗೆ ಬೆನ್ನು ಕೊಟ್ಟು, ಕೋಟು ಹೊದ್ದು, ನೆಲದ ಮೇಲೆ.
ಹೊಸ ಹುಡುಗ ಇದನ್ನು ಸೋಲಿನ ಕಾಲಮ್ಮಿನಲ್ಲಿ ಬರೆಯಹೊರಟ.
ಐಲಾ ಪೆನ್ನು ಕಸಿದುಕೊಂಡಳು.
“ಯಾವ ಬದಿಗೆ ಮಲಗಿದ್ದಾನೆ ನೋಡು:
ಬಾಗಿಲಿನ ಒಳಬದಿಗೆ.”

ಈಗ ಮೇ. ಕೆರೆ ಒಣಗಿದೆ ಮೇಜಿನಡಿ.
ಒಡೀಲ್ ಅವನಿಗೊಂದು ನಕ್ಷೆಯ ನಕಲು ಕೊಟ್ಟಳಂತೆ,
ಗೋಡೆಗೆ ಅಂಟಿಸದೆ ಮಡಚಿ ದಿಂಬಿನಡಿ ಇಟ್ಟಿದ್ದಾನೆ.
ದಿಂಬು ಎಲ್ಲಿದೆಯೆಂದು ನಾವು ಕೇಳಲಿಲ್ಲ.

ಪಟ್ಟಿ ಮಾತ್ರ ಖಾಲಿಯಾಗುವ ಜಾತಿಯದಲ್ಲ.
ಒಬ್ಬರು ಎದ್ದರೆ ಕೆಳಗಿನವರು ಮೇಲೆ ಸರಿಯುತ್ತಾರೆ
ಬಸ್ಸಿನ ಸೀಟಿನಂತೆ.
“ಹದಿನೇಳು” ಎಂದೆ ಇವತ್ತು.
“ಹುಡುಗಿ. ಹತ್ತೊಂಬತ್ತಿರಬಹುದು.
ಎರಡು ಸೈಜು ದೊಡ್ಡ ಬೂಟು. ಹೆಸರು ಹೇಳುವುದಿಲ್ಲ.”
ಹನ್ನೊಂದು ಕಪ್ಪುಗಳು ಕೆಳಗಿಳಿದವು.
ನಾನು ಮೊದಲು ಮೋರ್ವೆನಾಳ ಮುಖ ನೋಡಿದೆ.